ಪುಸ್ತಕದೊಳಗೆ ಹಿಡಿಸದ ಆಟ

ಮೇಜಿನ ಸುತ್ತ ಐದು ಜನ. ಮೇಜಿನ ಮೇಲೆ ಪೆನ್ಸಿಲ್ಲು, ಚೌಕುಳಿ ಹಾಳೆ, ಬಣ್ಣಬಣ್ಣದ ದಾಳಗಳು, ಅರ್ಧ ಖಾಲಿಯಾದ ಚಿಪ್ಸ್ ಪೊಟ್ಟಣ. ಒಬ್ಬಳ ಮುಂದೆ ಮಾತ್ರ ರಟ್ಟಿನ ಮರೆ ನಿಂತಿದೆ. ಅದರ ಹಿಂದೆ ಏನು ಬರೆದಿದೆ ಎಂಬುದು ಉಳಿದ ನಾಲ್ವರಿಗೆ ಕಾಣದು.

"ಮೆಟ್ಟಿಲು ಮುಗೀತು. ಎದುರಿಗೆ ಉದ್ದನೆಯ ಓಣಿ. ನೆಲಕ್ಕೆ ಚಪ್ಪಡಿ ಹಾಸಿದಾರೆ. ದೂರದಲ್ಲೆಲ್ಲೋ ನೀರು ತೊಟ್ಟಿಕ್ಕೋ ಸದ್ದು. ಏನ್ ಮಾಡ್ತೀರ?"

"ಪಂಜು ಎತ್ತಿ ಹಿಡೀತೀನಿ. ಎಷ್ಟು ದೂರ ಕಾಣತ್ತೆ?"

"ಇಪ್ಪತ್ತು ಹೆಜ್ಜೆ. ಅದರಾಚೆ ಕತ್ತಲೆ."

"ಚಪ್ಪಡಿ ಎಲ್ಲಾ ಒಂದೇ ಥರ ಇದ್ಯಾ?"

ಅವಳು ಒಂದು ಗಳಿಗೆ ಸುಮ್ಮನಿರುತ್ತಾಳೆ. "ಮೂರನೇ ಸಾಲಿಂದು ಹೊಸದಾಗಿ ಕಾಣತ್ತೆ. ಸಂದಿನಲ್ಲಿ ಪಾಚಿ ಇಲ್ಲ."

"ಯಾರೂ ಕಾಲಿಡಬೇಡ್ರೋ! ನನ್ನ ಚೀಲದಲ್ಲಿ ನೀರಿದೆ ಅಲ್ವಾ, ಅದನ್ನ ಆ ಕಲ್ಲಿನ ಮೇಲೆ ಸುರೀತೀನಿ. ಸಂದಿಯೊಳಗೆ ಇಳಿದುಹೋಗತ್ತಾ ನೋಡೋಣ."

ನೀರು ಇಳಿದುಹೋಗುತ್ತದೆ. ಕಲ್ಲಿನಡಿ ಟೊಳ್ಳು. ನಾಲ್ವರೂ ಒಟ್ಟಿಗೆ ಕೂಗುತ್ತಾರೆ. ಬಲೆ ಒಡ್ಡಿದ್ದವಳಿಗೂ ಅಷ್ಟೇ ಖುಷಿ.

ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ, ವಾರಾಂತ್ಯದ ವಿಡಿಯೊ ಕರೆಗಳಲ್ಲಿ ಇಂಥ ಕೂಟಗಳು ಈಗ ನಡೆಯುತ್ತಿವೆ. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ಅದರ ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಕೂತು ಆಡುತ್ತಿದ್ದುದು ನೆನಪಿರುತ್ತದೆ. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಹೆಸರು ಕೇಳಿದವರು ಬಹಳ, ಅಲ್ಲಿ ಏನು ನಡೆಯುತ್ತದೆಂದು ಬಲ್ಲವರು ಕಡಿಮೆ. 1974ರಲ್ಲಿ ಮೊದಲು ಅಚ್ಚಾದ ಈ ಆಟ ಐವತ್ತು ವರ್ಷದಲ್ಲಿ ಲೋಕವನ್ನೆಲ್ಲ ಸುತ್ತಿತು. ಆದರೆ ಅದನ್ನು ಆಟವಾಗಿಸಿದ್ದ ಒಂದು ಪರಂಪರೆ ನಡುದಾರಿಯಲ್ಲೇ ಉದುರಿಹೋಯಿತು. ಹಾಗೆ ಉದುರಿದ್ದು ಏನು, ಹೇಗೆ ಎಂಬುದೇ ಈ ಲೇಖನದ ವಿಷಯ.

ಆಡುವುದು ಹೇಗೆ?

ಗುಂಪಿನಲ್ಲಿ ಒಬ್ಬರು ರೆಫರಿ. ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಡಿಎಂ. ಉಳಿದವರಿಗೆ ತಲಾ ಒಂದು ಪಾತ್ರ: ಯೋಧ, ಮಂತ್ರವಾದಿ, ಪುರೋಹಿತ, ಕಳ್ಳ. ಪಾತ್ರದ ಬಲ, ಬುದ್ಧಿ, ಚುರುಕು ಎಷ್ಟೆಂಬ ಅಂಕೆಗಳು ಒಂದು ಹಾಳೆಯಲ್ಲಿ ಇರುತ್ತವೆ. ಡಿಎಂ ಸುತ್ತಲಿನ ಲೋಕವನ್ನು ಮಾತಿನಲ್ಲಿ ಕಟ್ಟುತ್ತಾರೆ. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ದಾಳ ಉರುಳುತ್ತದೆ. ದಾಳಗಳಲ್ಲಿ 4, 6, 8, 10, 12 ಮತ್ತು 20 ಮುಖದವು ಇವೆ. 20 ಮುಖದ್ದೇ ಈ ಆಟದ ಗುರುತು.

ಗೆದ್ದವರು, ಸೋತವರು ಎಂದು ಇಲ್ಲಿ ಲೆಕ್ಕವಿಲ್ಲ. ಪಾತ್ರ ಸಾಯಬಹುದು, ಆಡುವವರು ಹೊಸ ಪಾತ್ರ ಹಿಡಿದು ಮುಂದುವರಿಯುತ್ತಾರೆ. ಒಂದೇ ಕಥೆ ವಾರಕ್ಕೊಮ್ಮೆಯಂತೆ ವರ್ಷಗಟ್ಟಲೆ ನಡೆಯುವುದುಂಟು.

ಚದುರಂಗದಲ್ಲಿ ಕುದುರೆ ಎರಡೂವರೆ ಮನೆ ಹಾರುತ್ತದೆ, ಅಷ್ಟೇ. ಈ ಆಟದಲ್ಲಿ ಬಾಗಿಲು ಮುಚ್ಚಿದ್ದರೆ ಒದೆಯಬಹುದು, ಬೀಗ ಮುರಿಯಬಹುದು, ಕಾವಲಿನವನಿಗೆ ಲಂಚ ಕೊಡಬಹುದು, ಗೋಡೆಗೆ ಕಿವಿ ಕೊಡಬಹುದು, ಸಾಕೆಂದು ಮನೆಗೆ ಹಿಂದಿರುಗಬಹುದು. ಮನುಷ್ಯನ ತಲೆಗೆ ಹೊಳೆಯುವುದೆಲ್ಲ ಇಲ್ಲಿ ಮಾನ್ಯವಾದ ನಡೆ. ಅಷ್ಟನ್ನೂ ಮೊದಲೇ ಊಹಿಸಿ ನಿಯಮ ಬರೆದಿಡಲು ಯಾರಿಂದಲೂ ಆಗದು. ಹಾಗಾಗಿ ಡಿಎಂ ಆ ಗಳಿಗೆಯಲ್ಲೇ ಯೋಚಿಸಿ ತೀರ್ಪು ಹೇಳಬೇಕು. ನೀರು ಸುರಿದರೆ ಏನಾಗುತ್ತದೆ ಎಂಬುದಕ್ಕೆ ಯಾವ ಪುಟದಲ್ಲೂ ಉತ್ತರವಿರುವುದಿಲ್ಲ. ಆ ತೀರ್ಪು ಕೊಡುವ ಹದವನ್ನು ಒಬ್ಬರು ಇನ್ನೊಬ್ಬರಿಗೆ ಕಲಿಸುವುದು ಹೇಗೆ? ಆಟದ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಪ್ರಷ್ಯದ ಸೇನೆಯಲ್ಲಿ

ರೆಫರಿಯ ಬೇರು ಹತ್ತೊಂಬತ್ತನೇ ಶತಮಾನದ ಪ್ರಷ್ಯದಲ್ಲಿದೆ. 1824ರಲ್ಲಿ ಅಲ್ಲಿನ ಸೇನಾಧಿಕಾರಿ ಗೇಯೋರ್ಗ್ ಫಾನ್ ರೈಸ್‌ವಿಟ್ಸ್, ತಮ್ಮ ತಂದೆ ಶುರುಮಾಡಿದ್ದ ಒಂದು ಯುದ್ಧದಾಟವನ್ನು ತಿದ್ದಿ ಪ್ರಕಟಿಸಿದರು. ಅದೇ ‘ಕ್ರೀಗ್‌ಸ್ಪೀಲ್’. ಭೂಪಟದ ಮೇಲೆ ಎರಡು ಪಡೆಗಳು, ನಡುವೆ ಒಬ್ಬ ತೀರ್ಪುಗಾರ. ಎರಡೂ ಕಡೆಯ ದಳಪತಿಗಳು ಆದೇಶಗಳನ್ನು ತೀರ್ಪುಗಾರನಿಗೆ ಕೊಡುತ್ತಾರೆ. ರಣದಲ್ಲಿ ಒಬ್ಬ ದಳಪತಿಗೆ ಎಷ್ಟು ಕಂಡೀತೋ ಅಷ್ಟನ್ನೇ ತೀರ್ಪುಗಾರ ಅವರಿಗೆ ತಿಳಿಸುತ್ತಾನೆ. ಸತ್ತವರೆಷ್ಟು, ಹಿಮ್ಮೆಟ್ಟಿದವರೆಷ್ಟು ಎಂಬ ಲೆಕ್ಕಕ್ಕೆ ದಾಳ ಮತ್ತು ಕೋಷ್ಟಕಗಳಿದ್ದವು.

ಈ ಲೆಕ್ಕಾಚಾರದಿಂದ ಆಟ ತೆವಳುತ್ತದೆ ಎಂಬ ದೂರು ಅಧಿಕಾರಿಗಳಲ್ಲೇ ಎದ್ದಿತು. 1876ರಲ್ಲಿ ಯೂಲಿಯಸ್ ಫಾನ್ ವೆರ್ಡಿ ಡು ವೆರ್ನುವಾ ಎಂಬ ಅಧಿಕಾರಿ, ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಚನೆಗೇ ಎಲ್ಲವನ್ನೂ ಬಿಡಬೇಕೆಂದು ಬರೆದರು. ಆಟ ಚುರುಕಾಯಿತು. ಆದರೆ ಆ ಬಗೆಯ ಆಟಕ್ಕೆ ಯುದ್ಧ ಕಂಡ ತೀರ್ಪುಗಾರ ಬೇಕೇ ಬೇಕು; ಅವನಿಲ್ಲದ ಕಡೆ ಕೋಷ್ಟಕವೇ ಗತಿ. ಬರೆದ ನಿಯಮವನ್ನು ನಂಬುವುದೋ, ಬಲ್ಲವನ ಮಾತನ್ನು ನಂಬುವುದೋ ಎಂಬ ವಾದ ಹೀಗೆ ಶುರುವಾದದ್ದು ಇಂದಿಗೂ ಮುಗಿದಿಲ್ಲ.

ಕೆಟ್ಟಿತೆಂದು ತಿಳಿದ ಆಟ

ಮುಂದಿನ ತಿರುವು ಅಮೆರಿಕದ ಮಿನೆಸೋಟಾ ರಾಜ್ಯದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ನಲ್ಲಿ. 1960ರ ದಶಕದ ಕೊನೆಯಲ್ಲಿ ಅಲ್ಲಿ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ಹಳೆಯ ಯುದ್ಧಗಳನ್ನು ಆಡುವ ತರುಣರ ಗುಂಪೊಂದಿತ್ತು. ಅವರಲ್ಲಿ ಡೇವಿಡ್ ವೆಸ್ಲಿ ಎಂಬುವರ ಕೈಗೆ, ಅಮೆರಿಕದ ಸೇನಾಧಿಕಾರಿ ಚಾರ್ಲ್ಸ್ ಟಾಟನ್ 1880ರಲ್ಲಿ ಬರೆದ ‘ಸ್ಟ್ರಾಟೆಗೋಸ್’ ಎಂಬ ಯುದ್ಧದಾಟದ ಗ್ರಂಥ ಸಿಕ್ಕಿತು. ನಿಯಮದಲ್ಲಿಲ್ಲದ್ದನ್ನೂ ಆಟಗಾರ ಮಾಡಲು ಹೊರಡಬಹುದು, ಫಲವನ್ನು ರೆಫರಿ ತೀರ್ಮಾನಿಸುತ್ತಾನೆ ಎಂಬ ಪಾಠವನ್ನು ವೆಸ್ಲಿ ಅದರಿಂದ ತೆಗೆದುಕೊಂಡರು.

1969ರಲ್ಲಿ ಅವರು ನೆಪೋಲಿಯನ್ ಕಾಲದ ಒಂದು ಕಲ್ಪಿತ ಜರ್ಮನ್ ಊರನ್ನು ಸೃಷ್ಟಿಸಿದರು. ಊರಿನ ಹೆಸರು ಬ್ರೌನ್‌ಸ್ಟೈನ್. ಪಡೆಗಳು ಬರುವ ಮುನ್ನ ಊರಿನಲ್ಲಿ ಏನು ನಡೆದೀತು ಎಂಬ ಕುತೂಹಲಕ್ಕೆ ಗೆಳೆಯರಿಗೆ ಒಂದೊಂದು ಪಾತ್ರ ಹಂಚಿದರು. ಒಬ್ಬ ಮೇಯರ್, ಒಬ್ಬ ಬ್ಯಾಂಕಿನವ, ಇನ್ನೊಬ್ಬ ವಿಶ್ವವಿದ್ಯಾಲಯದ ಮುಖ್ಯಸ್ಥ. ಎಲ್ಲರಿಗೂ ಬೇರೆ ಬೇರೆ ಗುಟ್ಟಿನ ಗುರಿಗಳು. ಯುದ್ಧ ಶುರುವಾಗಲೇ ಇಲ್ಲ. ಆಟಗಾರರು ಮೂಲೆ ಮೂಲೆಗೆ ಹೋಗಿ ಪಿಸುಗುಟ್ಟಿದರು, ಸುಳ್ಳು ಹೇಳಿದರು, ಒಪ್ಪಂದ ಮಾಡಿಕೊಂಡರು. ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಅದಕ್ಕೆ ವೆಸ್ಲಿ ನಿಯಮವನ್ನೇ ಮಾಡಿರಲಿಲ್ಲ, ಅಲ್ಲೇ ಒಂದನ್ನು ಹೊಂದಿಸಿ ತೀರ್ಪು ಕೊಡಬೇಕಾಯಿತು. ಎಲ್ಲ ಗೊಂದಲವಾಗಿ ಆಟ ಕೆಟ್ಟಿತೆಂದು ಅವರು ತಿಳಿದರು. ಗೆಳೆಯರು ಮಾತ್ರ ಇನ್ನೊಮ್ಮೆ ಆಡಿಸೆಂದು ಬೆನ್ನು ಬಿದ್ದರು.

ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಸಂಜೆ. ಹೊಸ ಕಲೆಯೊಂದು ಹುಟ್ಟಿತು; ಹುಟ್ಟಿಸಿದವರಿಗಿಂತ ಮೊದಲು ಅದು ಆಡಿದವರಿಗೆ ಗೊತ್ತಾಯಿತು.

ಕೋಟೆಯ ಕೆಳಗಿನ ಸುರಂಗ

1970ರಲ್ಲಿ ವೆಸ್ಲಿ ಸೇನೆಯ ಕರೆ ಬಂದು ಊರು ಬಿಟ್ಟರು. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಉತ್ಸಾಹದಿಂದ ಆಡುತ್ತಿದ್ದ ಡೇವ್ ಆರ್ನೆಸನ್ ರೆಫರಿಯ ಜಾಗದಲ್ಲಿ ಕೂತರು. 1971ರ ಹೊತ್ತಿಗೆ ಅವರು ನೆಪೋಲಿಯನ್ನನ ಕಾಲ ಬಿಟ್ಟು, ‘ಬ್ಲ್ಯಾಕ್‌ಮೂರ್’ ಎಂಬ ಮಾಂತ್ರಿಕ ನಾಡನ್ನು ಕಟ್ಟಿದ್ದರು. ಅಲ್ಲೊಂದು ಕೋಟೆ, ಕೋಟೆಯ ಕೆಳಗೆ ಅಂತಸ್ತು ಅಂತಸ್ತಾಗಿ ಇಳಿಯುವ ಸುರಂಗಗಳು, ಅಲ್ಲಿ ರಾಕ್ಷಸರು ಮತ್ತು ನಿಧಿ. ಆಟ ನಡೆಯುತ್ತಿದ್ದುದು ಸೇಂಟ್ ಪಾಲ್‌ನ ಅವರ ಮನೆಯ ನೆಲಮಾಳಿಗೆಯಲ್ಲಿ. ಪಾತ್ರಗಳು ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಉಳಿದು, ಅನುಭವ ಗಳಿಸಿ ಬಲಿಯುತ್ತಿದ್ದವು. ಆಗಿನ ಆಟಗಳಲ್ಲಿ ಇದು ಅಪರೂಪ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಿಯಮಗಳು ಆರ್ನೆಸನ್ನರ ಟಿಪ್ಪಣಿ ಹಾಳೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಅವರ ತಲೆಯಲ್ಲಿ ಇದ್ದವು. ಆಡುವವರಿಗೆ ನಿಯಮ ತಿಳಿದಿರಬೇಕಾಗಿರಲಿಲ್ಲ. ಏನು ಮಾಡುತ್ತೇವೆಂದು ಅವರು ಹೇಳುತ್ತಿದ್ದರು, ಏನಾಯಿತೆಂದು ಆರ್ನೆಸನ್ ಹೇಳುತ್ತಿದ್ದರು. ಕೇಳಿ ಕೇಳಿ ಕಲಿತ ಕೆಲವರು ಮುಂದೆ ತಾವೇ ರೆಫರಿಗಳಾದರು.

1972ರ ಕೊನೆಯಲ್ಲಿ ಆರ್ನೆಸನ್ ಮತ್ತು ಗೆಳೆಯ ಡೇವಿಡ್ ಮೆಗರಿ, ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್, ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಚಪ್ಪಲಿ ರಿಪೇರಿಯಿಂದ ಸಂಸಾರ ಸಾಗಿಸುತ್ತಿದ್ದರು. ಮಧ್ಯಯುಗದ ಯುದ್ಧದಾಟ ‘ಚೈನ್‌ಮೇಲ್’ ಅನ್ನು ಜೆಫ್ ಪೆರೆನ್ ಜೊತೆ 1971ರಲ್ಲಿ ಪ್ರಕಟಿಸಿದ್ದವರು. ಒಂದು ರಾತ್ರಿ ಬ್ಲ್ಯಾಕ್‌ಮೂರ್ ಆಡಿದ ಮೇಲೆ ಗೈಗ್ಯಾಕ್ಸ್‌ಗೆ ಬೇರೆ ಯಾವುದೂ ರುಚಿಸಲಿಲ್ಲ. ಆರ್ನೆಸನ್ ಕಳಿಸಿಕೊಟ್ಟ ಸುಮಾರು 20 ಪುಟದ ಟಿಪ್ಪಣಿಯನ್ನು ಇಟ್ಟುಕೊಂಡು 50 ಪುಟದ ಕರಡು ಬರೆದರು, ಆಮೇಲೆ ಅದನ್ನು 150 ಪುಟಕ್ಕೆ ಬೆಳೆಸಿದರು. ತಮ್ಮದೇ ‘ಗ್ರೇಹಾಕ್’ ಕೋಟೆಯ ಸುರಂಗಕ್ಕೆ ಮೊದಲು ಇಳಿಸಿದ್ದು ಮಕ್ಕಳಾದ ಅರ್ನಿ ಮತ್ತು ಎಲೀಸ್‌ರನ್ನು.

ಪ್ರಕಾಶಕರು ಯಾರೂ ಮುಂದೆ ಬರಲಿಲ್ಲ. ಗೈಗ್ಯಾಕ್ಸ್ ಬಾಲ್ಯದ ಗೆಳೆಯ ಡಾನ್ ಕೇ ಜೊತೆಗೂಡಿ ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್ ಎಂಬ ಸಂಸ್ಥೆ ಕಟ್ಟಿದರು. 1974ರ ಜನವರಿಯಲ್ಲಿ ಆಟ ಹೊರಬಂತು: ಮರದ ಬಣ್ಣದ ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಿಕೆ, ಬೆಲೆ 10 ಡಾಲರ್, ಅಚ್ಚಾದದ್ದು 1,000 ಪ್ರತಿ. ಪೆಟ್ಟಿಗೆಗಳನ್ನು ಮನೆಯಲ್ಲಿ ಕೂತು ಕೈಯಲ್ಲೇ ಜೋಡಿಸಿದರು.

ಅರ್ಥವಾಗದ ಪುಸ್ತಿಕೆಗಳು

ಆ ಪುಸ್ತಿಕೆಗಳನ್ನು ಓದಿ ಆಟ ಕಲಿಯುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಓದುಗರ ಬಳಿ ‘ಚೈನ್‌ಮೇಲ್’ ಇದೆ, ‘ಔಟ್‌ಡೋರ್ ಸರ್ವೈವಲ್’ ಎಂಬ ಬೇರೊಂದು ಕಂಪನಿಯ ಆಟದ ಹಲಗೆಯೂ ಇದೆ ಎಂದುಕೊಂಡೇ ಬರೆದಿದ್ದರು. ಸರದಿ ಹೇಗೆ ಸಾಗುತ್ತದೆ, ಡಿಎಂ ಏನೇನು ಬಚ್ಚಿಡಬೇಕು, ಎಷ್ಟು ಹೇಳಬೇಕು ಎಂಬ ಮೂಲಸಂಗತಿಗಳೇ ಬಿಟ್ಟುಹೋಗಿದ್ದವು. ಬರೆದವರಿಗೆ ಅವು ಉಸಿರಾಟದಷ್ಟು ಸಹಜವಾಗಿದ್ದವು. ಹಾಗಾಗಿ ಬರೆಯಬೇಕೆಂದೇ ಅನಿಸಲಿಲ್ಲ. ಮೂರನೇ ಪುಸ್ತಿಕೆ ಮುಗಿಯುವುದು, ಉಳಿದದ್ದನ್ನು ನೀವೇ ಕಲ್ಪಿಸಿಕೊಳ್ಳಿ ಎಂಬರ್ಥದ ಮಾತಿನೊಂದಿಗೆ.

ಓದುಗರು ಹಾಗೇ ಮಾಡಿದರು. ಕಾಲೇಜು ಹುಡುಗರು ಪುಸ್ತಿಕೆಗಳನ್ನು ಜೆರಾಕ್ಸ್ ಮಾಡಿ ಹಂಚಿದರು. ತಿಳಿಯದ ಕಡೆ ತಾವೇ ತುಂಬಿಸಿದರು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ‘ವಾರ್‌ಲಾಕ್’ ಎಂಬ ತಮ್ಮದೇ ಪಾಠ ಕಟ್ಟಿಕೊಂಡರು. ಅರಿಜೋನಾದ ಫೀನಿಕ್ಸ್‌ನಲ್ಲಿ ಕೆನ್ ಸೇಂಟ್ ಆಂಡ್ರೆ ನಿಯಮ ಓದಿ ಬೇಸತ್ತು, 1975ರಲ್ಲಿ ‘ಟನಲ್ಸ್ ಅಂಡ್ ಟ್ರೋಲ್ಸ್’ ಎಂಬ ಬೇರೆ ಆಟವನ್ನೇ ಬರೆದರು. ವಿಚಿತ್ರ ಆಕಾರದ ದಾಳಗಳು ಆಗ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವರ ಆಟಕ್ಕೆ ಮಾಮೂಲಿ 6 ಮುಖದ ದಾಳವೇ ಸಾಕಾಗಿತ್ತು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಲೀ ಗೋಲ್ಡ್ ಎಂಬಾಕೆ ‘ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್’ ಎಂಬ ಪತ್ರಿಕೆ ಶುರುಮಾಡಿದರು. ಆಟಗಾರರೇ ತಮ್ಮ ಪುಟಗಳನ್ನು ಬರೆದು ಕಳಿಸುತ್ತಿದ್ದರು, ಆಕೆ ಅವನ್ನು ಒಟ್ಟುಗೂಡಿಸಿ ಅಂಚೆಯಲ್ಲಿ ಹಂಚುತ್ತಿದ್ದರು. ನಿಮ್ಮೂರಲ್ಲಿ ಹೇಗೆ ಆಡುತ್ತೀರಿ, ನಮ್ಮಲ್ಲಿ ಹೀಗೆ ಎಂಬ ಮಾತುಕತೆ ಅಲ್ಲಿ ದಶಕಗಳ ಕಾಲ ನಡೆಯಿತು.

ಒಂದೊಂದು ಊರಿಗೂ ಒಂದೊಂದು ಬಾನಿ ಹುಟ್ಟಿದ್ದು ಹೀಗೆ. ಒಂದೆಡೆ ಹೋರಾಟವೇ ಮುಖ್ಯ, ಇನ್ನೊಂದೆಡೆ ಮಾತು. ಒಬ್ಬ ಡಿಎಂನ ಲೋಕದಲ್ಲಿ ಬೆಳೆದ ಪಾತ್ರವನ್ನು ಇನ್ನೊಬ್ಬನ ಲೋಕಕ್ಕೆ ಒಯ್ದು ಆಡುವುದೂ ಇತ್ತು. ಹತ್ತಿಪ್ಪತ್ತು ಜನ ಒಂದೇ ಲೋಕದಲ್ಲಿ ಸರದಿಯಂತೆ ಬಂದು ಆಡುತ್ತಿದ್ದರು. ಗುಂಪು ದೊಡ್ಡದಾದಾಗ ಎಲ್ಲರ ಪರವಾಗಿ ಡಿಎಂ ಜೊತೆ ಮಾತಾಡಲು ಒಬ್ಬ ‘ಕಾಲರ್’, ಕೇಳಿದ ವಿವರದಿಂದ ಸುರಂಗದ ನಕ್ಷೆ ಬರೆಯಲು ಒಬ್ಬ ‘ಮ್ಯಾಪರ್’ ಇರುತ್ತಿದ್ದ. ಹೊಸಬ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡಿ, ಯಾವಾಗ ಓಡಬೇಕು, ಯಾವಾಗ ಮಾತಿಗಿಳಿಯಬೇಕು, ಡಿಎಂ ಸುಮ್ಮನಾದರೆ ಏನರ್ಥ ಎಂಬುದನ್ನೆಲ್ಲ ಕಲಿಯುತ್ತಿದ್ದ. ಈ ಪಾಠ ಯಾವ ಪುಸ್ತಿಕೆಯಲ್ಲೂ ಇರಲಿಲ್ಲ.

ಎಲ್ಲರಿಗೂ ಒಂದೇ ಪುಸ್ತಕ

ಆಟ ಹಬ್ಬಿದಷ್ಟೂ ಗೈಗ್ಯಾಕ್ಸ್‌ರ ಮೇಜಿಗೆ ಪ್ರಶ್ನೆಗಳ ರಾಶಿ ಬಿತ್ತು. ಮೊದಮೊದಲು ನಿಮಗೆ ಸರಿತೋರಿದಂತೆ ಆಡಿ ಎನ್ನುತ್ತಿದ್ದ ಅವರು, ದಶಕದ ಕೊನೆಗೆ ಎಲ್ಲರೂ ಒಂದೇ ಕ್ರಮದಲ್ಲಿ ಆಡಬೇಕೆಂದು ಪಟ್ಟು ಹಿಡಿದರು. 1977ರಿಂದ 1979ರ ನಡುವೆ ‘ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಮೂರು ದಪ್ಪ ಸಂಪುಟಗಳು ಬಂದವು. ಸ್ಪರ್ಧೆಗಳನ್ನು ನಡೆಸಬೇಕಾದರೆ ಏಕರೂಪ ಬೇಕೆಂಬುದು ಒಂದು ಕಾರಣ. ಮಾರುಕಟ್ಟೆ ಇನ್ನೊಂದು. ಈ ಸಂಪುಟಗಳಲ್ಲಿ ಲೇಖಕರೆಂದು ಆರ್ನೆಸನ್ ಹೆಸರಿರಲಿಲ್ಲ. ಅವರು 1979ರಲ್ಲಿ ಗೌರವಧನಕ್ಕಾಗಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯಿತು. ಸುರಂಗಕ್ಕೆ ಮೊದಲು ಇಳಿಸಿದ ರೆಫರಿಯ ಹೆಸರೇ ತಲೆಮಾರೊಂದರ ಆಟಗಾರರಿಗೆ ತಿಳಿಯದೆ ಹೋದದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ನಿಜವಾದ ತಿರುವು ಬಂದದ್ದು ಮಾತ್ರ ಸದ್ದಿಲ್ಲದೆ. 1977ರಲ್ಲಿ ನರವಿಜ್ಞಾನದ ಪ್ರಾಧ್ಯಾಪಕ ಜೆ. ಎರಿಕ್ ಹೋಮ್ಸ್ ಹೊಸಬರಿಗಾಗಿ ಸರಳ ಪುಸ್ತಕವೊಂದನ್ನು ಸಿದ್ಧಪಡಿಸಿಕೊಟ್ಟರು. 1983ರಲ್ಲಿ ಫ್ರ್ಯಾಂಕ್ ಮೆಂಟ್ಜರ್ ರೂಪಿಸಿದ ಕೆಂಪು ಪೆಟ್ಟಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಆರಂಭದಲ್ಲಿ ಓದುಗ ಒಬ್ಬನೇ ಕೂತು ಆಡುವ ಕಥೆಯಿದೆ. ಪುಟ ತಿರುಗಿಸುತ್ತ ಗುಹೆಗೆ ಹೋಗಬೇಕು, ಅಲೀನಾ ಎಂಬ ಪುರೋಹಿತೆಯ ಪರಿಚಯವಾಗುತ್ತದೆ, ಬಾರ್ಗಲ್ ಎಂಬ ದುಷ್ಟ ಮಾಂತ್ರಿಕ ಅವಳನ್ನು ಕೊಲ್ಲುತ್ತಾನೆ. ಲಕ್ಷಾಂತರ ಮಕ್ಕಳು ಅಲೀನಾಳಿಗಾಗಿ ಮರುಗಿ ಆಟಕ್ಕೆ ಬಂದರು. ಅದೊಂದು ಅದ್ಭುತ ಪಾಠಪುಸ್ತಕ. ಹತ್ತಿರದಲ್ಲಿ ಯಾರೂ ಬಲ್ಲವರಿಲ್ಲದ ಹಳ್ಳಿಯ ಹುಡುಗಿಗೂ ಅದು ದಾರಿ ತೋರಿತು. ಆದರೆ ಎಲ್ಲರೂ ಸೇರಿ ಕಥೆ ಕಟ್ಟುವ ಆಟವನ್ನು ಒಬ್ಬರೇ ಕೂತು ಕಲಿಯುವುದು ಅಂದಿನಿಂದ ರೂಢಿಯಾಯಿತು. ಗುರುವಿನ ಜಾಗದಲ್ಲಿ ಪುಟ ಬಂತು.

ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಈ ಆಟ ಸೈತಾನನ ಪೂಜೆ ಕಲಿಸುತ್ತದೆಂಬ ಗುಲ್ಲೂ ಎದ್ದಿತು. 1979ರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ತಪ್ಪನ್ನು ಆಟದ ಮೇಲೆ ಹೊರಿಸಲಾಯಿತು. ಆಪಾದನೆ ಸುಳ್ಳೆಂದು ತಿಳಿದ ಮೇಲೂ ಭಯ ಆರಲಿಲ್ಲ. ಗುಲ್ಲಿನಿಂದ ಮಾರಾಟ ಏರಿತು, ನಿಜ. ಆದರೆ ಹೊಸ ಹುಡುಗರು ಮನೆಯವರ ಕಣ್ಣು ತಪ್ಪಿಸಿ, ಹಿರಿಯರ ನೆರವಿಲ್ಲದೆ ಆಡುವ ಪ್ರಸಂಗಗಳೂ ಹೆಚ್ಚಿದವು.

ಕೋಲು ಮತ್ತು ಕಳ್ಳ

ಹೀಗೆ ಕಳೆದುಹೋದದ್ದು ಏನು ಎಂಬುದಕ್ಕೆ ಒಂದೇ ಉದಾಹರಣೆ ಸಾಕು.

1974ರ ಪುಸ್ತಿಕೆಯ ಸಾಮಾನುಪಟ್ಟಿಯಲ್ಲಿ ಹತ್ತು ಅಡಿಯ ಕೋಲೊಂದಿದೆ. ಬಲೆಯಿರುವ ಓಣಿಯಲ್ಲಿ ಆ ಕೋಲಿನಿಂದ ನೆಲ ತಟ್ಟಿ ನೋಡುತ್ತೇನೆ ಎಂದು ಆಟಗಾರ ಹೇಳುತ್ತಿದ್ದ. ಎಲ್ಲಿ ತಟ್ಟುತ್ತೀ, ಎಷ್ಟು ಬಲವಾಗಿ ಎಂದು ಡಿಎಂ ಕೇಳುತ್ತಿದ್ದ. ಪಾತ್ರದ ಅಂಕೆಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಆಟಗಾರನ ಬುದ್ಧಿ, ಡಿಎಂನ ನ್ಯಾಯಬುದ್ಧಿ, ಎರಡರ ನಡುವಿನ ಮಾತು ಇಷ್ಟರಿಂದಲೇ ಕಥೆ ಮುಂದೆ ಹೋಗುತ್ತಿತ್ತು.

1975ರಲ್ಲಿ ‘ಗ್ರೇಹಾಕ್’ ಎಂಬ ಪೂರಕ ಪುಸ್ತಿಕೆಯಲ್ಲಿ ಕಳ್ಳನ ಪಾತ್ರ ಬಂತು. ಬೀಗ ತೆಗೆಯಲು ಇಷ್ಟು ಶೇಕಡಾ, ಸಣ್ಣ ಬಲೆ ಬಿಡಿಸಲು ಇಷ್ಟು, ಸದ್ದಿಲ್ಲದೆ ನಡೆಯಲು ಇಷ್ಟು ಎಂದು ಕೋಷ್ಟಕ ಹೇಳಿತು. ಅಲ್ಲಿಯವರೆಗೆ ಎಲ್ಲರೂ ಮಾತಿನಲ್ಲಿ ಮಾಡುತ್ತಿದ್ದ ಕೆಲಸ ಈಗ ಒಬ್ಬನ ಅಂಕೆಯಾಯಿತು. 2000ದಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಹುಡುಕುವುದಕ್ಕೆ, ಗಮನಿಸುವುದಕ್ಕೆ, ಮನವೊಲಿಸುವುದಕ್ಕೆ ಪ್ರತಿ ಪಾತ್ರಕ್ಕೂ ಅಂಕೆ. ಆಟಗಾರ ಬಲೆ ಹುಡುಕುತ್ತೇನೆ ಎಂದು 20 ಮುಖದ ದಾಳ ಉರುಳಿಸುತ್ತಾನೆ, 17 ಬಿತ್ತು, ಸಿಕ್ಕಿತು. ಪಾಚಿ, ಚಪ್ಪಡಿ, ಚೀಲದ ನೀರು ಯಾವುದೂ ಬೇಕಿಲ್ಲ.

ಇದರ ಲಾಭವನ್ನೂ ಹೇಳಬೇಕು. ಮಾತಿನಲ್ಲಿ ಹಿಂದೆ ಬೀಳುವ ನಾಚಿಕೆಯವನಿಗೂ ಚತುರ ಕಳ್ಳನಾಗಿ ಆಡಲು ಅಂಕೆ ಅವಕಾಶ ಕೊಟ್ಟಿತು. ಪಕ್ಷಪಾತಿ ಡಿಎಂನಿಂದ ರಕ್ಷಿಸಿತು. 1970ರ ದಶಕದ ಮೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಕಡಿಮೆಯಿತ್ತು. ಯಾರ ಮರ್ಜಿಗೂ ಬೀಳದೆ ಪುಸ್ತಕ ಹಿಡಿದು ತಾವೇ ಗುಂಪು ಕಟ್ಟಿದವರು ಆಮೇಲೆ ಬಹಳ ಜನ. ಇಷ್ಟಾದರೂ, ಅಂಕೆಯ ಹಿಂದೆ ಮಾತು ಬಡವಾದಾಗ ಈ ಆಟ ಕಂಪ್ಯೂಟರಿಗೆ ಹತ್ತಿರವಾಗುತ್ತದೆ, ಮತ್ತು ಅಲ್ಲಿ ಕಂಪ್ಯೂಟರ್ ಯಾವಾಗಲೂ ಗೆಲ್ಲುತ್ತದೆ. ಈ ಆಟವಾಡಿದ ವಿಲ್ ಕ್ರೌಥರ್ 1976ರ ಸುಮಾರಿಗೆ ಬರೆದ ‘ಅಡ್ವೆಂಚರ್’ನಿಂದ ಹಿಡಿದು ಇಂದಿನ ವಿಡಿಯೊ ಗೇಮುಗಳವರೆಗೆ ಅಂಕೆ, ಕೋಷ್ಟಕಗಳ ಕೆಲಸವನ್ನು ಯಂತ್ರ ಬಲು ಚೆನ್ನಾಗಿ ಮಾಡುತ್ತಿದೆ. ಯಾರೂ ಊಹಿಸದ ಪ್ರಶ್ನೆಗೆ ನ್ಯಾಯವಾದ ಉತ್ತರ ಕೊಡುವ ಮನುಷ್ಯನೇ ಈ ಮೇಜಿನ ಆಸ್ತಿ.

ತಾಳಮದ್ದಳೆಯವರಿಗೆ ಗೊತ್ತಿರುವ ಸಂಗತಿ

ಕರಾವಳಿ, ಮಲೆನಾಡಿನ ಓದುಗರಿಗೆ ಇಷ್ಟರಲ್ಲೇ ತಾಳಮದ್ದಳೆ ನೆನಪಾಗಿರಬೇಕು. ಭಾಗವತರು ಪ್ರಸಂಗದ ಪದ್ಯ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಬರೆದಿಟ್ಟ ಮಾತಿಲ್ಲದೆ ಅರ್ಥ ಹೇಳುತ್ತಾರೆ. ವಾಲಿ ಸಾಯುವುದು ಖಚಿತ, ರಾಮ ಬಾಣ ಬಿಟ್ಟದ್ದೂ ಆಗಿದೆ. ಆದರೆ ಬಿದ್ದ ವಾಲಿ ಏನು ಕೇಳುತ್ತಾನೆ, ರಾಮ ಏನು ಉತ್ತರಿಸುತ್ತಾನೆ ಎಂಬುದು ಆ ರಾತ್ರಿಯೇ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಎದುರು ರಾಮನಾಗಿ ಕೂರುವುದೆಂದರೆ ಸಣ್ಣ ಧೈರ್ಯವಾಗಿರಲಿಲ್ಲ. ದೇರಾಜೆ ಸೀತಾರಾಮಯ್ಯ, ಮಲ್ಪೆಯ ಸಾಮಗ ಸಹೋದರರು ಇಂಥ ಕೂಟಗಳನ್ನು ಬೆಳೆಸಿದ ದೊಡ್ಡ ಹೆಸರುಗಳು.

ಅರ್ಥಧಾರಿಯನ್ನು ರೂಪಿಸುತ್ತಿದ್ದುದು ಕೂಟವೇ. ಪುರಾಣ, ಪ್ರಸಂಗ ಓದಿಕೊಂಡು ಬರಬಹುದು. ಎದುರಿನವನ ಮಾತಿಗೆ ಕಿವಿಗೊಡುವುದು, ಪದ್ಯ ಬಿಟ್ಟು ಎಷ್ಟು ದೂರ ಹೋಗಬಹುದೆಂಬ ಔಚಿತ್ಯ, ಜೊತೆಯವನು ತಡವರಿಸಿದಾಗ ಅವನಿಗೊಂದು ಎಳೆ ಕೊಟ್ಟು ನಡೆಸುವ ದೊಡ್ಡತನ ಇವೆಲ್ಲ ಹಿರಿಯರ ಪಕ್ಕ ಸಣ್ಣ ಪಾತ್ರಗಳಲ್ಲಿ ಕೂತೇ ಬರಬೇಕು. ದೊಡ್ಡವರ ಅರ್ಥ ಕ್ಯಾಸೆಟ್ಟಿಗೆ, ಆಮೇಲೆ ಯೂಟ್ಯೂಬಿಗೆ ಬಂದ ಮೇಲೆ ಕೇಳುವವರಿಗೆ ಸಿರಿ ಸಿಕ್ಕಿತು. ಜೊತೆಗೆ, ಕೇಳಿದ್ದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ, ಸಂವಾದ ಹೋಗಿ ಭಾಷಣ ಉಳಿಯುತ್ತದೆ ಎಂಬ ಕೊರಗೂ ಕೂಟಗಳಲ್ಲಿ ಕೇಳಿಬರುತ್ತಿದೆ. ಮಿನೆಸೋಟಾದ ನೆಲಮಾಳಿಗೆಗೂ ಮಂಗಳೂರಿನ ಸಭಾಂಗಣಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಸೇರಿ ಕಥೆ ಕಟ್ಟುವ ಕಲೆಗಳಿಗೆ ಬರುವ ಕಾಯಿಲೆ ಮಾತ್ರ ಎರಡೂ ಕಡೆ ಒಂದೇ.

ಲೋಕಕ್ಕೆಲ್ಲ ಒಂದೇ ಮೇಜು

1997ರಲ್ಲಿ ಗೈಗ್ಯಾಕ್ಸ್ ಕಟ್ಟಿದ ಸಂಸ್ಥೆಯನ್ನು ವಿಜರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು, 1999ರಲ್ಲಿ ಅದನ್ನು ಆಟಿಕೆಗಳ ದೈತ್ಯ ಹ್ಯಾಸ್‌ಬ್ರೋ ಕೊಂಡಿತು. 2014ರಲ್ಲಿ ಐದನೇ ಆವೃತ್ತಿ ಬಂತು. ಮರುವರ್ಷ ಕಂಠದಾನ ಕಲಾವಿದರ ಗುಂಪೊಂದು ತಮ್ಮ ಆಟವನ್ನು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡತೊಡಗಿತು. ‘ಕ್ರಿಟಿಕಲ್ ರೋಲ್’ ಎಂಬ ಆ ಕಾರ್ಯಕ್ರಮದ ಡಿಎಂ ಮ್ಯಾಥ್ಯೂ ಮರ್ಸರ್. ನಾಲ್ಕು ಗಂಟೆ ಕಾಲ ಬೇರೆಯವರು ಆಡುವುದನ್ನು ಜನ ಕೂತು ನೋಡುತ್ತಾರೆಂದು ಅಲ್ಲಿಯವರೆಗೆ ಹೆಚ್ಚಿನವರು ಎಣಿಸಿರಲಿಲ್ಲ.

ನೋಡಿ ಕಲಿಯುವುದು ಹೀಗೆ ಮರಳಿತು. ಇದು ಸಂತೋಷದ ಸುದ್ದಿಯೇ. ಆದರೆ ಊರಿಗೊಂದರಂತೆ ಇದ್ದ ಸಾವಿರ ಮೇಜುಗಳ ಬದಲು ಎಲ್ಲರೂ ನೋಡುತ್ತಿರುವುದು ಒಂದೇ ಮೇಜನ್ನು. ಅಲ್ಲಿ ಕೂತವರು ಧ್ವನಿಯಲ್ಲೇ ಬದುಕುವ ವೃತ್ತಿಪರರು. ಅದನ್ನು ನೋಡಿ ಬಂದ ಹೊಸಬರು ತಮ್ಮ ಗುಂಪಿನ ಡಿಎಂನಿಂದಲೂ ಅದನ್ನೇ ಬಯಸುತ್ತಾರೆ. ಆಟಗಾರರು ಇದಕ್ಕೆ ‘ಮರ್ಸರ್ ಎಫೆಕ್ಟ್’ ಎಂದೇ ಹೆಸರಿಟ್ಟಿದ್ದಾರೆ. ಪರದೆಯ ಗುರು ಶಿಷ್ಯನ ತಪ್ಪು ತಿದ್ದಲಾರ, ಶಿಷ್ಯ ಅವನಿಗೆ ಪ್ರಶ್ನೆ ಕೇಳಲಾರ. ಮರ್ಸರ್ ಸ್ವತಃ ಉದಾರಿ, ಸೊಗಸಾದ ಕಥೆಗಾರ; ದೋಷ ಅವರದಲ್ಲ.

ಹಳೆಯದನ್ನು ಅರಸಿದವರು

ಕಳೆದದ್ದನ್ನು ಹುಡುಕಲು ಹೊರಟವರೂ ಇದ್ದಾರೆ. 2000ದಲ್ಲಿ ಕಂಪನಿ ತನ್ನ ನಿಯಮಗಳ ಬಹುಭಾಗವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತ್ತು. ಅದನ್ನೇ ಬಳಸಿ 2006ರಲ್ಲಿ ಹಳೆಯ ಸಂಪುಟಗಳ ಆಟವನ್ನು ‘ಆಸ್ರಿಕ್’ ಎಂಬ ಹೆಸರಿನಲ್ಲಿ ಅಭಿಮಾನಿಗಳು ಮತ್ತೆ ಹೊರತಂದರು. 2008ರಲ್ಲಿ ಮ್ಯಾಟ್ ಫಿಂಚ್ ಒಂದು ಪುಟ್ಟ ಕೈಪಿಡಿ ಬರೆದು, ನಿಯಮಕ್ಕಿಂತ ತೀರ್ಪು ದೊಡ್ಡದು, ಪಾತ್ರದ ಅಂಕೆಗಿಂತ ಆಟಗಾರನ ಚಾತುರ್ಯ ದೊಡ್ಡದು ಎಂದು ವಿವರಿಸಿದರು. ಪ್ರಷ್ಯದ ವೆರ್ಡಿ ಓದಿದ್ದರೆ ತಲೆದೂಗುತ್ತಿದ್ದರು.

ಹಳೆಯದನ್ನು ಅರಸಿದ ಇವರು ಎಚ್ಚೆತ್ತುಕೊಂಡದ್ದು, ಆಟ ಹುಟ್ಟಿಸಿದವರು ಕಣ್ಮರೆಯಾಗುತ್ತಿದ್ದ ಕಾಲದಲ್ಲಿ. ಗೈಗ್ಯಾಕ್ಸ್ ತಮ್ಮ ಕೊನೆಯ ವರ್ಷಗಳಲ್ಲಿ ಅಪರಿಚಿತರ ಪ್ರಶ್ನೆಗಳಿಗೂ ತಾಳ್ಮೆಯಿಂದ ಉತ್ತರಿಸುತ್ತಿದ್ದರು. 2008ರ ಮಾರ್ಚ್‌ನಲ್ಲಿ ತೀರಿಕೊಂಡರು. ಮರುವರ್ಷ ಏಪ್ರಿಲ್‌ನಲ್ಲಿ ಆರ್ನೆಸನ್ ಹೋದರು. ಜಾನ್ ಪೀಟರ್‌ಸನ್ ಹಳೆಯ ಪತ್ರ, ಪತ್ರಿಕೆಗಳನ್ನು ಜಾಲಾಡಿ 2012ರಲ್ಲಿ ‘ಪ್ಲೇಯಿಂಗ್ ಅಟ್ ದಿ ವರ್ಲ್ಡ್’, 2020ರಲ್ಲಿ ‘ದಿ ಇಲೂಸಿವ್ ಶಿಫ್ಟ್’ ಎಂಬ ಪುಸ್ತಕಗಳನ್ನು ಬರೆದರು. ಆರ್ನೆಸನ್‌ರ ನೆಲಮಾಳಿಗೆಯಲ್ಲಿ ಆಡಿದವರ ನೆನಪುಗಳನ್ನು 2019ರ ಸಾಕ್ಷ್ಯಚಿತ್ರ ‘ಸೀಕ್ರೆಟ್ಸ್ ಆಫ್ ಬ್ಲ್ಯಾಕ್‌ಮೂರ್’ ಹಿಡಿದಿಟ್ಟಿತು.

ಈ ಹುಡುಕಾಟದಲ್ಲಿ ಒಂದು ಅನಿರೀಕ್ಷಿತ ಸತ್ಯ ಹೊರಬಿತ್ತು. ಹಳೆಯ ಪದ್ಧತಿ ಎಂಬುದು ಒಂದೇ ಆಗಿರಲಿಲ್ಲ. ಆಟ ಎಂದರೆ ಸಾಹಸವೋ, ಪಾತ್ರದ ಒಳಗಿಳಿಯುವುದೋ, ಕಥೆಯೋ ಎಂಬ ಜಗಳ 1970ರ ದಶಕದ ಪತ್ರಿಕೆಗಳಲ್ಲೇ ತುಂಬಿತ್ತು. ಆದ್ದರಿಂದ ಕೋಲು, ಪಂಜು, ನಕ್ಷೆಗಳನ್ನು ಮರಳಿ ತಂದರೆ ಪರಂಪರೆ ಮರಳಿತೆಂದು ನಾನು ನಂಬುವುದಿಲ್ಲ. ಆಗ ಇದ್ದದ್ದು ತಲೆಮಾರು ದಾಟಿಸುವ ಒಂದು ಬಗೆ. ಬಲ್ಲವರ ಮೇಜಿಗೆ ಹೊಸಬರು ಬರುತ್ತಿದ್ದರು, ಕಲಿತು ಹೋಗಿ ಬೇರೆ ರೀತಿ ಆಡುತ್ತಿದ್ದರು. ಈ ಹೋಗಿಬರುವಿಕೆ ನಿಂತ ಕಡೆ ಎಷ್ಟು ಹಳೆಯ ನಿಯಮ ಹಿಡಿದು ಆಡಿದರೂ ಅದು ವಸ್ತುಸಂಗ್ರಹಾಲಯವೇ.

ಕನ್ನಡದಲ್ಲಿ ಆಡಿದರೆ

ಇಲ್ಲಿನ ಕೂಟಗಳಲ್ಲಿ ಡಿಎಂ ಬಾಯಿಂದ ಬರುವ ವರ್ಣನೆ ಬಹುಪಾಲು ಇಂಗ್ಲಿಷಿನದು. ನಗು, ಕೂಗಾಟ ಕನ್ನಡದಲ್ಲಿ. ಕೋಟೆ, ಕಾಡು, ರಾಕ್ಷಸ ಇಂಗ್ಲಿಷಿನಲ್ಲಿ. ಹೀಗೇ ಇರಬೇಕಾಗಿಲ್ಲ. ಇಳಿಯಲು ಯುರೋಪಿನ ಕೋಟೆಯೇ ಬೇಕೆಂದಿಲ್ಲ. ಏಳು ಸುತ್ತಿನ ಚಿತ್ರದುರ್ಗವಿದೆ. ಉತ್ತರ ಕರ್ನಾಟಕದ ಮನೆಗಳ ಕೆಳಗೆ ಕಾಳು ತುಂಬಿಡುತ್ತಿದ್ದ ಹಗೇವುಗಳಿವೆ. ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದು ಮಾಡಿದ, ಮನುಷ್ಯ ನುಸುಳಬಹುದಾದ ಸುರಂಗಗಳಿವೆ. ಅಂಥ ಸುರಂಗದ ಬಾಯಲ್ಲಿ ನಿಂತು ಏನು ಮಾಡುತ್ತೀ ಎಂದು ಕನ್ನಡದಲ್ಲಿ ಕೇಳಿದರೆ, ಆಟಗಾರ ಪುಸ್ತಕ ನೋಡದೆ ತನ್ನ ಅಜ್ಜನ ಊರನ್ನು ನೆನೆದು ಉತ್ತರಿಸುತ್ತಾನೆ.

ಕಾನೂನಿನ ಅಡ್ಡಿಯೂ ಈಗ ಇಲ್ಲ. 2023ರ ಆರಂಭದಲ್ಲಿ ಕಂಪನಿ ಹಳೆಯ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲು ಹೊರಟಾಗ ಆಟಗಾರರು ದೊಡ್ಡ ಪ್ರತಿಭಟನೆ ನಡೆಸಿದರು. ಕಂಪನಿ ಹಿಂದೆ ಸರಿದು, ಅದೇ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲನಿಯಮಗಳ ಸುಮಾರು 400 ಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಅದನ್ನು ಕನ್ನಡಕ್ಕೆ ತರಬಹುದು, ತಿದ್ದಬಹುದು, ಮಾರಬಹುದು.

ಅನುವಾದ ಆಗಲಿ, ಅದು ಬೇಕು. ಆದರೆ ಮೊದಲ ಸಲ ಆಡುವವರು ಆ 400 ಪುಟಕ್ಕೆ ಕಾಯುವ ಅಗತ್ಯವಿಲ್ಲ. ಈಗಾಗಲೇ ಆಡುತ್ತಿರುವ ಗುಂಪುಗಳು ಪ್ರತಿ ಕೂಟಕ್ಕೂ ಹೊಸಬರೊಬ್ಬರಿಗೆ ಒಂದು ಕುರ್ಚಿ ಖಾಲಿ ಬಿಡಲಿ ಎಂಬುದು ನನ್ನ ಕೋರಿಕೆ. ಮೊದಲ ದಿನ ಅವರಿಗೆ ನಕ್ಷೆ ಬರೆಯುವ ಕೆಲಸ ಕೊಡಿ. ಕೇಳಿದ ವಿವರವನ್ನು ಚೌಕುಳಿ ಹಾಳೆಯ ಮೇಲೆ ಗೆರೆಯಾಗಿಸುತ್ತ ಹೋದರೆ, ಅರ್ಥವಾಗದ್ದನ್ನು ಕೇಳುವುದು ತಾನಾಗಿ ಬರುತ್ತದೆ. ಎರಡನೇ ದಿನ ಪಾತ್ರ ಕೊಡಿ. ದಾಳ ಹೇಗೂ ಮೇಜಿನ ಮೇಲೆ ಇದ್ದೇ ಇರುತ್ತವೆ.